ಕಣ್ಣು ಬಿಡಿಸಿದವನು ಹೊರಗೆ

ದೇವರನ್ನು ಕಡೆದವನನ್ನು ನಾವು ಗುಡಿಯಿಂದ ಹೊರಗೆ ಹಾಕಿದೆವು. ಇದು ತಪ್ಪು. ಆಚಾರ, ಸಂಪ್ರದಾಯ ಎಂದು ಇದಕ್ಕೆ ಬೇರೆ ಹೆಸರಿಡಬೇಡಿ. ಹೇಗೆ ಹಾಕಿದೆವು ಎಂಬುದಕ್ಕೆ ಒಂದು ಕತೆಯಿದೆ.

ಹಿರೆಬಿಲ್ಲೂರು ಸೀಮೆಯಲ್ಲಿ ಡಂಗುರ ಸಾರಿದರು: "ರಾಜಕುಮಾರಿ ಸೋವಲದೇವಿ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನು ಅವಳನ್ನಾದರೂ ಕೇಳಲಿ, ಬೇರೆ ಏನನ್ನಾದರೂ ಕೇಳಲಿ, ಅರಸರು ಕೊಡುತ್ತಾರೆ. ತಪ್ಪಿದವನ ತಲೆ ಉಳಿಯುವುದಿಲ್ಲ."

ಕಲ್ಲುಕುಟಿಗರ ಕೇತನಿಗೆ ರಾಜಕುಮಾರಿ ಬೇಕಿರಲಿಲ್ಲ, ಅಪ್ಪ ಬೇಕಾಗಿದ್ದ. ಅಪ್ಪ ಬೊಪ್ಪ, ಅರಸನ ಹೊಸ ಗುಡಿಯ ಮೂರ್ತಿ ಕಡೆದವನು. ಅಲ್ಲಿಯ ಪದ್ಧತಿಯಂತೆ ಕಲ್ಲುಕುಟಿಗ ಕೊನೆಯ ಉಳಿಯೇಟಿನಿಂದ ಮೂರ್ತಿಯ ಕಣ್ಣು ಬಿಡಿಸಬೇಕು. ಬಿಡಿಸಿದ ಗಳಿಗೆಯಿಂದ ಅವನು ಹೊರಗಿನವನು, ಮತ್ತೆ ಒಳಗೆ ಕಾಲಿಡುವಂತಿಲ್ಲ, ಮೂರ್ತಿ ಮುಟ್ಟುವಂತಿಲ್ಲ. ಬೊಪ್ಪ ಹಾಗೆಯೇ ಹೊರಗೆ ಬಂದ. ಮನೆ ಸೇರಿದ ಮೇಲೆ ನೆನಪಾಯಿತು, ಮೂರ್ತಿಯ ಪಾದದ ಬೆರಳ ಸಂದಿಯಲ್ಲಿ ಕಲ್ಲಿನ ಮುಳ್ಳೊಂದು ಉಳಿದುಹೋಗಿದೆ, ಮುಟ್ಟಿ ನಮಸ್ಕರಿಸುವವರಿಗೆ ಚುಚ್ಚೀತು. ಅರ್ಧ ಕೆಲಸ ಬಿಡುವ ಮನುಷ್ಯನಲ್ಲ. ಮರುದಿನ ಬೆಳಿಗ್ಗೆ ಉಳಿ ಹಿಡಿದು ನೇರ ಒಳಗೆ ನಡೆದ. ಹಿಡಿದು ಸೆರೆಗೆ ಹಾಕಿದರು. ಹುಣ್ಣಿಮೆಗೆ ತಲೆ ತೆಗೆಯುವುದೆಂದು ನಿಶ್ಚಯವಾಯಿತು.

ಹುಣ್ಣಿಮೆಯ ಹಿಂದಿನ ದಿನ ಸಭೆ ಸೇರಿತು. ಬಾಗಿಲಲ್ಲಿ ಕಾವಲುಗಾರ ಕೇತನನ್ನು ನೋಡಿ ನಕ್ಕ: "ಸುತ್ತಿಗೆ ಇಲ್ಲೇ ಇಟ್ಟು ಹೋಗಪ್ಪ. ನಿನ್ನ ತಲೆಗೆ ಬೇಕಾದ್ದು ಒಳಗೇ ಇದೆ."

ರಾಜಕುಮಾರಿ ಮೊದಲ ಒಗಟು ಕೇಳಿದಳು: "ಎದೆಯಲ್ಲಿ ಹುಟ್ಟಿ ಗುಡುಗಿನಲ್ಲಿ ಕೂತಿತು, ಆಮೇಲೆ ಮರದಲ್ಲಿ, ಆಮೇಲೆ ಕಲ್ಲಿನಲ್ಲಿ. ಎಷ್ಟು ಮನೆ ಕಟ್ಟಿದರೂ ಹುಟ್ಟಿದ ಮನೆ ಬಿಡಲಿಲ್ಲ. ಏನದು?"

"ಗಾಳಿ" ಎಂದ ದಂಡನಾಯಕನ ಮಗ. ಅವನನ್ನು ಎಳೆದೊಯ್ದರು.

"ಭಯ" ಎಂದ ಒಬ್ಬ ಪಂಡಿತ. ರಾಜಕುಮಾರಿ ಸರಿಯೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು: "ಮೊದಲು ಹಿಡಿ ನವಣೆ ಸಾಕಿತ್ತು. ಆಮೇಲೆ ಕೋಣ, ಆಮೇಲೆ ಚಿನ್ನ, ಆಮೇಲೆ ಸುತ್ತ ಗೋಡೆ. ಬಾಯಿಲ್ಲದವನ ಹೆಸರಲ್ಲಿ ಇಷ್ಟು ಕೇಳಿದ್ದು ಯಾರು?"

"ಭೂತ" ಎಂದ ಪಂಡಿತ. ಅವನನ್ನೂ ಎಳೆದೊಯ್ದರು.

ಕೇತ ಮುಂದೆ ಬಂದ. "ಮೊದಲನೇದು ಪಂಡಿತರು ಹೇಳಿದ್ದೇ ತಾಯಿ. ಗುಡುಗಿಗೆ ಹೆದರಿದ ನಮ್ಮ ಹಿರೀಕರು ಗುಡುಗಿಗೆ ಕೈ ಮುಗಿದರು. ಕತ್ತಲಿಗೆ ಹೆದರಿ ಮರಕ್ಕೆ ಮುಗಿದರು. ಎರಡನೇದು, ದೇವರಿಗೂ ನಮಗೂ ನಡುವೆ ನಿಂತವರು. ಅವನ ಬಾಯಿ ನಾವೇ ಅಂದವರು. ಕಲ್ಲು ಏನೂ ಕೇಳಲ್ಲ. ದಿನಾ ಅದರ ಜೊತೆ ಇರೋನು ನಾನು, ನನಗೆ ಗೊತ್ತು."

ಸಭೆಯಲ್ಲಿ ಯಾರೋ ನಕ್ಕರು. ಅರಸ ನಗಲಿಲ್ಲ.

ಮೂರನೆಯದನ್ನು ಕೇಳುವಾಗ ರಾಜಕುಮಾರಿಯ ದನಿ ಇಳಿದಿತ್ತು. "ಯಾರ ಕೈಯಿಂದ ಕಣ್ಣು ತೆರೆಯಿತೋ, ಅವರನ್ನು ಆ ಕಣ್ಣು ನೋಡಬಾರದೆಂದು ಕಟ್ಟಳೆಯಾಯಿತು. ಮಾಡಿದವರು ಯಾರು?"

"ದೇವರಲ್ಲ" ಎಂದ ಕೇತ. "ಅರಸು ಬುದ್ಧಿಯೋರು ಮಾಡಿದರು, ಪೂಜಾರಿಗಳು ಮಾಡಿದರು. ನಾವೂ ಒಪ್ಪಿಕೊಂಡೆವು. ಅಪ್ಪನ್ನ ಎಳಕೊಂಡು ಹೋಗೋವಾಗ ಬಾಗಿಲ ಹೊರಗೆ ನಿಂತಿದ್ದೆ ನಾನು. ನೆಲ ನೋಡ್ತಾ ನಿಂತೆ. ಹಾಗೆ ನೆಲ ನೋಡಿದ ಎಲ್ಲರೂ ಮಾಡಿದ ಕಟ್ಟಳೆ ಅದು."

ರಾಜಕುಮಾರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅವತ್ತು ಗುಡಿಯಲ್ಲಿ ಬೊಪ್ಪನನ್ನು ನೋಡಿ 'ಮುಟ್ಟಿದ, ಮುಟ್ಟಿದ' ಅಂತ ಕೂಗಿದವಳು ನಾನೇ. ಆ ಕಟ್ಟಳೆ ತಪ್ಪು ಅಂತ ಅಪ್ಪಾಜಿಗೆ ಹೇಳಲು ಧೈರ್ಯ ಸಾಲದೆ ಒಗಟು ಮಾಡಿದೆ."

ನೇರ ಹೇಳಬೇಕಾದ ಮಾತನ್ನು ಒಗಟು ಮಾಡಿದ್ದಕ್ಕೆ ಎರಡು ತಲೆ ಹೋಗಿದ್ದವು. ಅವು ಮರಳಿ ಬರಲಿಲ್ಲ.

"ಏನು ಬೇಕು?" ಎಂದ ಅರಸ.

"ಅಪ್ಪನ್ನ ಬಿಡಿ ಬುದ್ಧಿ. ನಮ್ಮೋರಿಗೆ ಗುಡಿ ಬಾಗಿಲೂ ಬಿಡಿ."

"ಎರಡು ಕೇಳಿದೆ."

"ಒಂದೇ. ಬಾಗಿಲು ಮುಚ್ಚೇ ಇದ್ದರೆ ಮುಂದಿನ ಹುಣ್ಣಿಮೆಗೆ ಇನ್ನೊಬ್ಬನ ಅಪ್ಪ."

ಅರಸ ಅಪ್ಪಣೆ ಕೊಡದೆ ಸಭೆ ಮುಗಿಸಿದ. ಸೋವಲದೇವಿ ಎದ್ದು ಹೋಗಿ ಗುಡಿಯ ಹೊಸ್ತಿಲ ಹೊರಗೆ, ಕಲ್ಲುಕುಟಿಗರ ಹೆಂಗಸರ ನಡುವೆ ಕೂತಳು. "ಇವರು ಒಳಗೆ ಹೋಗೋವರೆಗೂ ನಾನು ಹೋಗಲ್ಲ" ಎಂದಳು. ಸಂಜೆಯವರೆಗೂ ಏಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ, ಕೇತ ಕೇಳಿದ್ದು ಕೊಡಲು ಅರಸನ ಅಪ್ಪಣೆ ಬಂತು. ಬೊಪ್ಪನ ಸಂಕೋಲೆ ಬಿಚ್ಚಿದರು. ಅವನು ಮಗನ ಹೆಗಲು ಹಿಡಿದು, ತಾನು ಕಡೆದ ಮೂರ್ತಿಯ ಎದುರಿಗೆ ಹೋಗಿ ನಿಂತ.

ಗುಡುಗಿನಿಂದ ಮರಕ್ಕೆ, ಮರದಿಂದ ಕಲ್ಲಿಗೆ ದೇವರನ್ನು ಕರೆತಂದವರು ಮನುಷ್ಯರು. ಬಾಗಿಲು ಹಾಕಿದವರೂ ಮನುಷ್ಯರೇ. ನಿಮ್ಮೂರ ಗುಡಿಯ ಹೊರಗೆ ಯಾರು ನಿಂತಿದ್ದಾರೆಂದು ನಿಮಗೆ ಗೊತ್ತು. ಅವರ ಮನೆ ಯಾವುದೆಂದೂ ಗೊತ್ತು. ನಾಳೆ ಬೆಳಿಗ್ಗೆ ಆ ಮನೆಗೆ ಹೋಗಿ. ಅವರನ್ನು ಮುಂದೆ ಬಿಟ್ಟು, ನೀವು ಹಿಂದೆ ಒಳಗೆ ನಡೆಯಿರಿ.