ಮಾರ್ಕೆಟ್ ಶೌಚಾಲಯದ ಉದ್ಘಾಟನೆ

ಹತ್ತಿರ ಬಾ, ಮೆಲ್ಲಗೆ ಹೇಳ್ತೀನಿ. ನಿನ್ನ ಗಂಡನ ಕಿವಿಗೂ ಬೀಳಬಾರದು, ಆಣೆ ಮಾಡು.

ನಮ್ಮ ಪಕ್ಕದ ಮನೆ ಚಿಕ್ಕತಾಯಿ ಮಾರ್ಕೆಟ್ಟಲ್ಲಿ ಮಜ್ಜಿಗೆ ಮಾರ್ತಾಳಲ್ಲ, ಅವಳ ಹತ್ತಿರ ಇವತ್ತು ಪುರಸಭೆ ಸಾಹೇಬ ಸುಂಕಕ್ಕೆ ಬಂದ. ಅದೇ ಸುಂಕದ ದುಡ್ಡಲ್ಲಿ ಅಲ್ಲಿ ಶೌಚಾಲಯ ಕಟ್ಟಿಸಿ ಯಾವ ಕಾಲವಾಯ್ತೋ. ಮಂತ್ರಿ ಬಂದು ಉದ್ಘಾಟಿಸಲಿ ಅಂತ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗ್ತಾನೆ ಭೂಪ! ವ್ಯಾಪಾರದ ಹೆಂಗಸರು ಸಂಜೆವರೆಗೆ ಬಿಗಿಹಿಡಿದು ಕೂರಬೇಕು.

"ಸುಂಕ ಕೊಡ್ತೀನಿ ಬುದ್ಧಿ, ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಮಜ್ಜಿಗೆ ಕುಡೀರಿ" ಅಂದಳು ಇವಳು. ಪುಕ್ಕಟೆ ಅಂದರೆ ಬಿಡೋ ಆಸಾಮಿಯೇ? ಲೋಟದ ಮೇಲೆ ಲೋಟ ಏರಿಸಿದ. ಇವಳ ಸೆರಗಿನ ಗಂಟು ಮಾತ್ರ ಬಿಚ್ಚಲೇ ಇಲ್ಲ. ಅವನಿಗೋ ನಿಂತಲ್ಲೇ ಕುಣಿತ ಶುರುವಾಯ್ತು. ಯಾವ ಗೋಡೆ ನೋಡಿದರೂ ಹೆಂಗಸರೇ ಒರಗಿ ಕೂತಿದ್ದಾರೆ. ಕೊನೆಗೆ ಓಡಿಹೋಗಿ, ಬೀಗ ತೆಗೆದು ಒಳಗೆ ನುಗ್ಗಿದ.

ಹೊರಗೆ ಬಂದರೆ ಹೂವಿನವಳು ಹಾರ ಹಾಕಿಯೇಬಿಟ್ಟಳು! "ಉದ್ಘಾಟನೆ ಆಯ್ತು ಬುದ್ಧಿ, ನಿಮ್ಮ ಕೈಯಿಂದಲೇ!" ಅಂತ ಎಲ್ಲರೂ ಚಪ್ಪಾಳೆ. ಬೀಗ ಆಗಲೇ ಚಿಕ್ಕತಾಯಿ ಮಡಿಲು ಸೇರಿತ್ತು. ಸಾಹೇಬ ಸುಂಕ ಮರೆತು, ಹಾರದ ಸಮೇತ ಕಾಲ್ಕಿತ್ತ.

"ಅಷ್ಟು ಮಜ್ಜಿಗೆ ದಂಡವಾಯ್ತಲ್ಲೇ" ಅಂತ ಚುಚ್ಚಿದೆ ನಾನು.

ಅವಳು ನನ್ನ ಮುಖಕ್ಕೇ ಹೇಳಿದಳು: "ಆಗಲಿ ಬಿಡಕ್ಕ. ಮಾರ್ಕೆಟ್ಟಲ್ಲಿ ಕೂತು ನಾನು ಹೊಟ್ಟೆ ತುಂಬ ನೀರು ಕುಡಿದಿದ್ದು ಇವತ್ತೇ ಮೊದಲು."