ಸೋರೆಬುರುಡೆಯ ಪಾಲು

ಒಂದು ಕಾಡಿನಲ್ಲಿ ಬೇಸಿಗೆ ಕಾಲಿಟ್ಟಿತೆಂದರೆ ಸಾಕು, ಪ್ರಾಣಿಗಳೆಲ್ಲ ಮೂಗೆತ್ತಿ ಗಾಳಿ ಮೂಸುತ್ತಲೇ ಇರುತ್ತಿದ್ದವು. ಎಲ್ಲಿಂದ ಹೊಗೆಯ ವಾಸನೆ ಬರುತ್ತದೋ ಎಂಬ ಭಯ. ಗುಡ್ಡದ ಬಿದಿರು ಒಂದಕ್ಕೊಂದು ಉಜ್ಜಿ ಕಿಡಿ ಹಾರಿದರೆ ಮುಗಿಯಿತು, ಕಾಡ್ಗಿಚ್ಚು ಬಂತೆಂದೇ ಅರ್ಥ. ಆನೆಗಳಿರಲಿಲ್ಲವೇ, ಸೊಂಡಿಲಿನಿಂದ ನೀರು ಎರಚುತ್ತಿರಲಿಲ್ಲವೇ ಎಂದು ಕೇಳುತ್ತೀರಿ, ಗೊತ್ತು. ಇದ್ದಿದ್ದರೆ ಈ ಕಥೆ ಯಾಕೆ ಬೇಕಿತ್ತು! ಆ ಕಾಡಿನಲ್ಲಿ ಆನೆ ಇರಲಿಲ್ಲ. ಇದ್ದದ್ದು ಸೋರೆಬುರುಡೆ.

ಸೋರೆಕಾಯಿಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಒಳಗಿನ ತಿರುಳು ತೆಗೆದರೆ ಬುರುಡೆಯಾಗುತ್ತದಲ್ಲ, ಅದೇ. ಬೆಂಕಿ ಬಿದ್ದಾಗ ಕೋತಿಗಳು ಹೊಳೆಯಲ್ಲಿ ಬುರುಡೆಗೆ ನೀರು ತುಂಬುತ್ತಿದ್ದವು. ಕಡವೆಗಳು ಅದನ್ನು ಕೊರಳಿಗೆ ಕಟ್ಟಿಕೊಂಡು ಓಡುತ್ತಿದ್ದವು. ಕರಡಿಗಳು ಬೆಂಕಿಗೆ ಸುರಿಯುತ್ತಿದ್ದವು. ಎಷ್ಟು ಚೆಂದದ ಏರ್ಪಾಡು ನೋಡಿ! ಆದರೆ ಬುರುಡೆ ಕಲ್ಲಲ್ಲ. ಎರಡು ಮೂರು ಬೇಸಿಗೆ ಕಂಡಿತೆಂದರೆ ಬಿರುಕು ಬಿಡುತ್ತದೆ.

ಅದಕ್ಕೇ ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಹೊಳೆದಂಡೆಯ ಮೆಕ್ಕಲುಮಣ್ಣಿನ ಹೊಲ ಎಲ್ಲರಿಗೂ ಸೇರಿದ್ದು. ಮಳೆ ನಿಂತ ಮೇಲೆ ಎಲ್ಲರೂ ಹೊಂಗೆಮರದ ಕೆಳಗೆ ಸೇರಿ ಆ ಹೊಲಕ್ಕೆ ಪಾಲು ಹಾಕುತ್ತಿದ್ದರು. ಮೇಯಲು ಹೋಗಲಾಗದ ಮುದುಕರಿಗೆಂದು ಒಂದು ಪಾಲು ರಾಗಿ. ಗಾಯಕ್ಕೆ ಹಚ್ಚುವ ಸೊಪ್ಪಿಗೆ ಒಂದು ಪಾಲು. ಹೊಸ ಬುರುಡೆಗೆಂದು ಸೋರೆಬಳ್ಳಿಗೆ ಒಂದು ಪಾಲು. ಉಳಿದದ್ದರಲ್ಲಿ ಮನೆಮನೆಗೂ ಒಂದೊಂದು ಪಟ್ಟಿ ನೆಲ.

ಆ ಸಭೆ ನಡೆಸುತ್ತಿದ್ದವಳು ನಿಂಗಾಜಮ್ಮ ಎಂಬ ಕಡವೆ. ಹೆಚ್ಚು ಮಾತಿಲ್ಲ, ಸಿಡುಕಿಲ್ಲ. ಆದರೆ ಒಂದು ಮಾತು ಆಡಿದಳೆಂದರೆ ಅದರಿಂದ ಕದಲುವವಳಲ್ಲ. ನನಗಂತೂ ಅಂಥವರನ್ನು ಕಂಡರೆ ಬಹಳ ಇಷ್ಟ. ಆ ವರ್ಷ ಅವಳಿಗೊಂದು ಮರಿ ಹುಟ್ಟಿತ್ತು. ಇನ್ನೂ ಕಾಲು ಗಟ್ಟಿಯಾಗದ, ಅಮ್ಮನ ಹಾಲಿಗೇ ಜೋತುಬಿದ್ದ ಪುಟ್ಟ ಮರಿ.

ಸಭೆ ಶುರುವಾಯಿತೋ ಇಲ್ಲವೋ, ಸಿಂಗಾರಯ್ಯ ಎಂಬ ನರಿ ಬಾಲ ಕುಣಿಸುತ್ತಾ ಮುಂದೆ ಬಂದ.

"ಅಯ್ಯೋ, ಎಷ್ಟು ವರ್ಷ ಅಂತ ಈ ಸೋರೆ ಸೋರೆ ಅಂತೀರಿ! ಹೋದ ಬೇಸಿಗೆಯಲ್ಲಿ ಬೆಂಕಿ ಬಂತಾ? ಇಲ್ಲ. ಅದರ ಹಿಂದಿನ ಬೇಸಿಗೆಯಲ್ಲಿ? ಅದೂ ಇಲ್ಲ. ಆ ಪಾಲಿನಲ್ಲಿ ಕಲ್ಲಂಗಡಿ ಹಾಕೋಣ ಕಣ್ರೀ. ಉರಿಬಿಸಿಲಲ್ಲಿ ಒಂದೊಂದು ಮನೆಗೂ ತಣ್ಣನೆಯ ಕಲ್ಲಂಗಡಿ! ಕಾವಲಿಗೆ ನಾನಿದ್ದೀನಿ, ಹಂಚೋದಕ್ಕೂ ನಾನೇ ಇದ್ದೀನಿ," ಎಂದ.

ಕಲ್ಲಂಗಡಿ ಎಂಬ ಮಾತು ಕೇಳಿದ್ದೇ ತಡ, ಎಲ್ಲರ ಬಾಯಲ್ಲೂ ನೀರೂರಿತು. ಕೆಂಚವ್ವ ಎಂಬ ಕೋತಿ ಕೊಂಬೆಯ ಮೇಲೆ ಕೂತಲ್ಲೇ ಚಪ್ಪಾಳೆ ತಟ್ಟಿದಳು. ಕಾವಲಿಗೆ ನರಿ ನಿಂತರೆ ಕಲ್ಲಂಗಡಿ ಯಾರ ಹೊಟ್ಟೆಗೆ ಹೋದೀತು ಎಂದು ಒಬ್ಬರಾದರೂ ಯೋಚಿಸಬೇಡವೇ? ಊಹೂಂ!

"ಹಳೆಯ ಬುರುಡೆಗಳಿಗೆ ವಯಸ್ಸಾಗಿದೆ ಸಿಂಗಾರಯ್ಯ. ಈ ಸಲ ಹೊಸದು ಬೇಕೇ ಬೇಕು," ಎಂದಳು ನಿಂಗಾಜಮ್ಮ.

"ವಯಸ್ಸಾದರೆ ಏನಮ್ಮಾ? ನಾನು ರಿಪೇರಿ ಮಾಡ್ತೀನಿ. ಪರೀಕ್ಷೆ ಮಾಡಿ ನೋಡಿ. ಸೋರಿದರೆ ಕೇಳಿ."

ಪರೀಕ್ಷೆಯೆಂದರೆ ಇಷ್ಟೇ. ಬುರುಡೆಗಳಿಗೆ ನೀರು ತುಂಬಿ ಬೆಳಿಗ್ಗೆ ಹೊಂಗೆಮರಕ್ಕೆ ನೇತುಹಾಕುವುದು. ಸಂಜೆ ಕೆಳಗಿನ ನೆಲ ಒದ್ದೆಯಾಗಿದ್ದರೆ ಆ ಬುರುಡೆಗೆ ಕೆಲಸದಿಂದ ಬಿಡುಗಡೆ. ನರಿ ಬುರುಡೆಗಳನ್ನೆಲ್ಲ ಪೊದೆಯ ಹಿಂದೆ ಒಯ್ದ. ಅಲ್ಲೇನು ಮಾಡಿದನೋ ಯಾರೂ ನೋಡಲಿಲ್ಲ. ತಂದಾಗ ಒಂದೊಂದೂ ಮಿರಮಿರ ಮಿಂಚುತ್ತಿತ್ತು. ಒಳಗಿನ ಬಿರುಕುಗಳಿಗೆಲ್ಲ ಜೇನುಮೇಣ ಮೆತ್ತಿ, ಮೇಲೆ ಹಿಪ್ಪೆಎಣ್ಣೆ ಸವರಿದ್ದ ಕಳ್ಳ! ಅವು ಮಂಜು ಬೀಳುವ ತಣ್ಣನೆಯ ದಿನಗಳು. ಮೇಣ ಗಟ್ಟಿಯಾಗಿ ಕೂತಿತ್ತು. ಸಂಜೆ ನೋಡಿದರೆ ಒಂದು ಹನಿಯೂ ಕೆಳಗೆ ಬಿದ್ದಿರಲಿಲ್ಲ.

"ನೋಡಿದಿರಾ? ನಮ್ಮಮ್ಮನಿಗೆ ಸುಮ್ಮಸುಮ್ಮನೆ ಗಾಬರಿ," ಎಂದು ನರಿ ಹಲ್ಲು ಕಿರಿದ. ಎಲ್ಲರೂ ನಕ್ಕರು.

ನಿಂಗಾಜಮ್ಮನಿಗೆ ಮೇಣದ ಸಂಗತಿ ಗೊತ್ತಿರಲಿಲ್ಲ. ಅವಳ ಮುಖ ಕೆಂಪಾಯಿತು. ಆದರೂ ಹೇಳಿದಳು: "ಇವತ್ತು ಸೋರಲಿಲ್ಲ, ಸಂತೋಷ. ಆದರೆ ಸೋರಿದ ಮೇಲೆ ಹೊಸದು ಬೇಕು ಅಂದರೆ ಆಗ ಎಲ್ಲಿಂದ ತರೋಣ? ಬೆಂಕಿ ಬಂದ ದಿನ ಬೀಜ ಹಾಕಿದರೆ ಆ ದಿನವೇ ಕಾಯಿ ಬಿಡುತ್ತಾ? ಕಾಯಿ ಬಿಟ್ಟು, ಬಲಿತು, ಒಣಗೋದಕ್ಕೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಹಳೆಯದು ಚೆನ್ನಾಗಿರುವಾಗಲೇ ಹೊಸದಕ್ಕೆ ಪಾಲು ಇಡೋದು."

ಯಾರು ಕೇಳುತ್ತಾರೆ! ಎಲ್ಲರ ಕಣ್ಣಿಗೂ ಆಗಲೇ ಕಲ್ಲಂಗಡಿ ಕಟ್ಟಿತ್ತು. ಸೋರೆಯ ಪಾಲು ಕಲ್ಲಂಗಡಿಗೆ ಹೋಯಿತು. ಸಭೆ ಎದ್ದಿತು.

ನಿಂಗಾಜಮ್ಮ ಅಲ್ಲೇ ನಿಂತಿದ್ದಳು. ಅವಳಿಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಬೆಂಕಿ ಬಂದರೆ ದೊಡ್ಡವರು ಹೇಗೋ ಹೊಳೆ ದಾಟಿಯಾರು. ಓಡಲಾಗದ ಮರಿಗಳು? ಬಿಲದಲ್ಲಿ ಕಣ್ಣು ಬಿಡದ ಕೂಸುಗಳು? ಅವಳು ತನ್ನ ಮರಿಯನ್ನು ನೋಡಿದಳು. ಆಮೇಲೆ ತನ್ನ ಮನೆಯ ಪಟ್ಟಿಯನ್ನು ನೋಡಿದಳು. ಅದರಲ್ಲಿ ಹುಲ್ಲು ಸೊಂಪಾಗಿ ಬಂದರೆ ಅವಳಿಗೆ ಮೇವು, ಮರಿಗೆ ಹಾಲು.

ಮರುದಿನ ಅವಳು ಆ ಪಟ್ಟಿಯಲ್ಲಿ ಸೋರೆಬೀಜ ಹಾಕಿದಳು. ಅದೂ ಪೂರಾ ಪಟ್ಟಿಯಲ್ಲಿ!

ತಂಗಿ ಚೆನ್ನಿ ಓಡಿಬಂದಳು. "ಅಕ್ಕಾ, ನಿನಗೇನು ಹುಚ್ಚಾ? ನೀನು ಏನು ಮೇಯ್ತೀಯೆ? ಮಗೂಗೆ ಹಾಲು ಎಲ್ಲಿಂದ ಬರುತ್ತೆ?"

"ಮೇಲಿನ ಗುಡ್ಡದಲ್ಲಿ ಒಂದಿಷ್ಟು ಹುಲ್ಲಿದೆ ಕಣೇ. ಹೋಗಿ ಬರ್ತೀನಿ."

"ಅಷ್ಟು ದೂರ? ದಿನಾ?"

"ದಿನಾ. ಅಷ್ಟು ಹೊತ್ತು ಮಗೂನ ನೋಡ್ಕೋ, ಸಾಕು."

ಚೆನ್ನಿ ಗೊಣಗಿದಳು. ಆದರೂ ಮರಿಯನ್ನು ನೋಡಿಕೊಂಡಳು. ನಿಂಗಾಜಮ್ಮ ದಿನವೂ ಗುಡ್ಡ ಹತ್ತಿ, ಒರಟು ಹುಲ್ಲು ಮೇದು, ಇಳಿದು ಬಂದು ಬಳ್ಳಿಯ ಬುಡ ಕೆದಕುತ್ತಿದ್ದಳು. ಅವಳ ಪಕ್ಕೆಲುಬುಗಳು ಕಾಣತೊಡಗಿದವು. ಕೆಲವು ದಿನ ಮರಿಗೆ ಹಾಲು ಸಾಲದೆ ಅದು ಕುಂಯ್‌ಗುಡುತ್ತಿತ್ತು. ಆಗ ಅವಳು ಅದರ ಮೈ ನೆಕ್ಕುತ್ತಾ ಯೋಚಿಸುತ್ತಿದ್ದಳು: ಬೆಂಕಿ ಬಾರದೇ ಹೋದರೆ? ಸಿಂಗಾರಯ್ಯ ಹೇಳಿದ್ದೇ ಸರಿಯಾಗಿಬಿಟ್ಟರೆ? ಬಾರದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ಗುಡ್ಡ ಹತ್ತುತ್ತಿದ್ದಳು. ಎಂಥ ಜೀವ ರೀ ಅದು!

ಬಳ್ಳಿಯಲ್ಲಿ ಎಳೆಸೋರೆ ಬಿಟ್ಟಾಗ ಕೆಂಚವ್ವ ಬಂದಳು. "ಅಮ್ಮಾ, ಒಂದೇ ಒಂದು ಕಾಯಿ ಕಿತ್ತುಕೊಳ್ಳಲಾ? ಎಳೆಯದು, ಬಾಯಿಗಿಟ್ಟರೆ ಕರಗುತ್ತೆ."

"ಇವತ್ತು ಕಿತ್ತರೆ ನಿನ್ನ ಒಂದು ಹೊತ್ತಿನ ತಿಂಡಿ. ಒಣಗಲು ಬಿಟ್ಟರೆ ಇಡೀ ಬೇಸಿಗೆಗೆ ನೀರು. ನೀನೇ ಹೇಳು ತಾಯಿ, ಏನು ಮಾಡೋಣ?"

ಕೆಂಚವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಬಳ್ಳಿಗೆ ಚಪ್ಪರ ಕಟ್ಟಿಕೊಟ್ಟಳು. ಕಾಯಿ ಒಣಗಿದ ಮೇಲೆ ತಿರುಳು ತೆಗೆದು, ನಾರಿನ ಕುಣಿಕೆ ಹಾಕಿದವಳೂ ಅವಳೇ. ಹೊಸ ಬುರುಡೆಗಳು ಮೆರುಗಿಲ್ಲದೆ ಬೂದುಬೂದಾಗಿದ್ದವು. ಎಲ್ಲವನ್ನೂ ಹೊಳೆಯ ಪಕ್ಕದ ನೆರಳಿನಲ್ಲಿ ಜೋಡಿಸಿಟ್ಟರು. ಹಳೆಯವು ನರಿಯ ಇಷ್ಟದಂತೆ ಹೊಂಗೆಮರದ ಹೊರಕೊಂಬೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಬಿಸಿಲಿಗೆ ತೂಗಾಡುತ್ತಿದ್ದವು.

ಬೇಸಿಗೆ ಬಂತು. ಕಲ್ಲಂಗಡಿಯೂ ಬಂತು. ನರಿ ಕಾವಲಿನ ನೆಪದಲ್ಲಿ ಸಿಹಿಸಿಹಿಯಾದದ್ದನ್ನೆಲ್ಲ ತಾನು ತಿಂದು, ಸಪ್ಪೆಯದನ್ನು ಹಂಚಿದ. ಸಪ್ಪೆಯಾದರೂ ತಂಪಲ್ಲವೇ ಎಂದು ಎಲ್ಲರೂ ಚಪ್ಪರಿಸಿದರು.

ಒಂದು ಮಧ್ಯಾಹ್ನ ಗುಡ್ಡದಲ್ಲಿ ಚಟಚಟ ಸದ್ದಾಯಿತು. ಬಿದಿರಿಗೆ ಬೆಂಕಿ ಹತ್ತಿತ್ತು! ಗಾಳಿ ಬೀಸಿದ್ದು ನೇರ ನರಿಯ ಬಿಲದ ಕಡೆಗೆ. ಬಿಲದ ಸುತ್ತ ಒಣಹುಲ್ಲು, ಒಳಗೆ ಅವನ ಹೆಂಡತಿ, ಮೊನ್ನೆಮೊನ್ನೆ ಹುಟ್ಟಿದ ಮರಿಗಳು.

ಸಿಂಗಾರಯ್ಯ "ಅಯ್ಯಯ್ಯೋ, ನನ್ನ ಮಕ್ಕಳು!" ಎಂದು ಕೂಗುತ್ತಾ ಹೊಂಗೆಮರಕ್ಕೆ ಓಡಿದ. ಗುಡ್ಡಣ್ಣ ಎಂಬ ಕರಡಿ ಹಳೆಯ ಬುರುಡೆಗಳನ್ನು ಇಳಿಸಿಕೊಟ್ಟ. ಕೋತಿಗಳು ಗಡಿಬಿಡಿಯಲ್ಲಿ ನೀರು ತುಂಬಿದವು. ಕಡವೆಗಳು ಓಡಿದವು. ಬಿಲದ ಹತ್ತಿರ ಹೋಗಿ ಗುಡ್ಡಣ್ಣ ಬುರುಡೆ ಬಗ್ಗಿಸಿದರೆ, ಏನಿದೆ ಒಳಗೆ? ಏನೂ ಇಲ್ಲ! ಬಿಸಿಲಿಗೆ ಮೇಣವೆಲ್ಲ ಕರಗಿ ಹೋಗಿತ್ತು. ತುಂಬಿದ ನೀರು ದಾರಿಯುದ್ದಕ್ಕೂ ಸೋರಿ ಮಣ್ಣುಪಾಲಾಗಿತ್ತು. ನರಿ ಇನ್ನೊಂದನ್ನು ಕಿತ್ತುಕೊಂಡು ಬಗ್ಗಿಸಿದ. ಅದೂ ಬರಿದು. ಮತ್ತೊಂದು, ಅದೂ ಬರಿದು. ತಾನೇ ಮಾಡಿದ ರಿಪೇರಿಯನ್ನು ಕೈಯಲ್ಲಿ ಹಿಡಿದುಕೊಂಡು ಅವನು ಗೊಳೋ ಎಂದು ಅತ್ತ.

ಅಷ್ಟರಲ್ಲಿ ದಾರಿಯಲ್ಲಿ ಧೂಳೆದ್ದಿತು. ಮುಂದೆ ನಿಂಗಾಜಮ್ಮ, ಹಿಂದೆ ಚೆನ್ನಿ, ಅವರ ಹಿಂದೆ ಉಳಿದ ಕಡವೆಗಳ ಸಾಲು. ಪ್ರತಿಯೊಬ್ಬರ ಕೊರಳಲ್ಲೂ ಬೂದುಬಣ್ಣದ ಹೊಸ ಬುರುಡೆ. ಒಂದು ಹನಿಯೂ ಸೋರಿರಲಿಲ್ಲ.

"ಮೊದಲು ಬಿಲದ ಬಾಯಿಗೆ ಸುರಿ ಗುಡ್ಡಣ್ಣಾ! ಆಮೇಲೆ ಸುತ್ತಲ ಹುಲ್ಲಿಗೆ!" ಎಂದು ಕೂಗಿದಳು ನಿಂಗಾಜಮ್ಮ.

ಸುರಿದರು. ಓಡಿದರು. ತುಂಬಿ ತಂದರು, ಮತ್ತೆ ಸುರಿದರು. ಎಲುಬು ಕಾಣುವ ಆ ಬಡಕಲು ಕಡವೆ ಎಲ್ಲರಿಗಿಂತ ಮುಂದೆ ಓಡುತ್ತಿದ್ದುದನ್ನು ನೋಡಿ ಉಳಿದವರ ಕಾಲಿಗೂ ಬಲ ಬಂತು. ನರಿಯ ಬಾಲದ ತುದಿ ಸುಟ್ಟುಹೋಯಿತು, ಅದು ಬೇರೆ ಮಾತು. ಆದರೆ ಬಿಲ ಉಳಿಯಿತು. ಹೆಂಡತಿ ಕೆಮ್ಮುತ್ತಾ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೊರಗೆ ತಂದಳು. ಎಲ್ಲ ಮರಿಗಳೂ ಬದುಕಿದ್ದವು. ಬೆಂಕಿ ಅಲ್ಲಿಂದ ಮುಂದೆ ಬರಲಿಲ್ಲ.

ಹೊಗೆ ಇಳಿದ ಮೇಲೆ ಗುಡ್ಡಣ್ಣ ಹಳೆಯ ಬುರುಡೆಯೊಂದನ್ನು ಎತ್ತಿ ಮೂಸಿದ. ಕರಡಿಯ ಮೂಗು ಜೇನಿನ ವಿಷಯದಲ್ಲಿ ಮೋಸ ಹೋಗುತ್ತದೆಯೇ?

"ಲೋ ಸಿಂಗಾರ, ಇದು ಜೇನುಮೇಣ ಅಲ್ವೇನೋ? ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದೆಯಾ?" ಎಂದು ಗುಡುಗಿದ.

ನರಿ ಸುಟ್ಟ ಬಾಲವನ್ನು ಕಾಲಡಿ ಮುದುಡಿಕೊಂಡ. "ಕಾಡು ಬಿಟ್ಟು ಓಡಿಸಿ ಇವನನ್ನ!" ಎಂದು ಎಲ್ಲರೂ ಕೂಗಿದರು. ಈಗ ಕೂಗುವುದಕ್ಕೆ ಮಾತ್ರ ಎಲ್ಲರೂ ಮುಂದೆ! ಕಲ್ಲಂಗಡಿಗೆ ತಲೆಯಾಡಿಸಿದವರೂ ಇವರೇ ತಾನೇ?

ನಿಂಗಾಜಮ್ಮ ಏದುಸಿರು ಬಿಡುತ್ತಾ ಹೇಳಿದಳು: "ಓಡಿಸಿದರೆ ಆ ಮರಿಗಳು ಎಲ್ಲಿಗೆ ಹೋಗಬೇಕು? ತಪ್ಪು ಅವನದು, ಅದಕ್ಕೆ ತಲೆಯಾಡಿಸಿದ್ದು ನೀವು. ಮುಂದಿನ ಸಲ ಸೋರೆಯ ಪಾಲನ್ನು ಯಾರೂ ಮುಟ್ಟಬಾರದು. ಅದರ ಕಾವಲು ಸಿಂಗಾರಯ್ಯನದು. ಕಾಯಿ ಒಣಗೋವರೆಗೂ ಅವನು ಒಂದನ್ನೂ ಬಾಯಿಗಿಡೋ ಹಾಗಿಲ್ಲ."

ಗುಡ್ಡಣ್ಣ ತಲೆ ತಗ್ಗಿಸಿ, "ಆಯ್ತು ತಾಯಿ. ಈ ಬೇಸಿಗೆಗೆ ನಮ್ಮ ಪಟ್ಟಿಯ ಮೇವು ನಿನ್ನದು," ಎಂದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಆ ದಿನದಿಂದ ನಿಂಗಾಜಮ್ಮನ ಮರಿ ಹೊಟ್ಟೆತುಂಬ ಹಾಲು ಕುಡಿಯಿತು.

ಮುಂದಿನ ಮಳೆ ನಿಂತು, ಬಿತ್ತನೆಯೂ ಆಗಿ ಕೆಲವು ವಾರ ಕಳೆದವು. ಸೋರೆಯ ಪಾಲಿನಲ್ಲಿ ಎಳೆಕಾಯಿಗಳು ಫಳಫಳ ಹೊಳೆಯುತ್ತಿದ್ದವು. ಸಿಂಗಾರಯ್ಯ ಮೊಂಡುಬಾಲ ಮಡಚಿಕೊಂಡು ಕಾವಲು ಕೂತಿದ್ದ. ಅವನ ಬಾಯಲ್ಲಿ ನೀರೂರುತ್ತಲೇ ಇತ್ತು, ಪಾಪ. ಒಂದು ದಿನ ಅವನ ಕಿರಿಯ ಮರಿ ಬಂದು ಬಳ್ಳಿಯ ಕೆಳಗೆ ನಿಂತು, "ಅಪ್ಪಾ, ಒಂದು ಕಾಯಿ ಕಿತ್ತುಕೊಡಪ್ಪಾ, ಹಸಿವು," ಎಂದಿತು.

ನರಿ ಕಾಯಿಯನ್ನು ನೋಡಿದ. ಮರಿಯನ್ನು ನೋಡಿದ. ಬೆಂಕಿಯ ದಿನ ಹೆಂಡತಿ ಕೊನೆಯಲ್ಲಿ ಹೊರಗೆ ತಂದದ್ದು ಈ ಮರಿಯನ್ನೇ.

"ಬೇಡ ಮಗಾ, ನಿನಗೆ ಬೇರೆ ಏನಾದರೂ ಹುಡುಕಿ ತರ್ತೀನಿ," ಎಂದ. "ಇದು ತಿನ್ನೋದಕ್ಕಲ್ಲ. ಇದು ನೀನು ಬದುಕಿರೋದಕ್ಕೆ."

ನೀತಿ: ಎಲ್ಲರನ್ನೂ ಕಾಯುವ ವಸ್ತು ಕೆಟ್ಟುಹೋಗುವ ಮೊದಲೇ ಹೊಸದಕ್ಕೆ ಪಾಲು ತೆಗೆದಿಡಬೇಕು. ಹಳೆಯದಕ್ಕೆ ಹೊಳಪು ಹಚ್ಚಿ ಆ ಪಾಲನ್ನು ತಿಂದವನು ತನ್ನ ಮನೆಗೇ ಕೇಡು ತಂದುಕೊಳ್ಳುತ್ತಾನೆ.