ಬಿಕ್ಕಳಿಕೆಯ ದಾಕು

ಒಂದಾನೊಂದು ಊರಿನಲ್ಲಿ, ಹೂಂ ಅನ್ನಿ, ನೀವು ಹೂಂ ಅನ್ನದಿದ್ದರೆ ಊರು ಅಲ್ಲೇ ಕರಗಿಹೋಗುತ್ತದೆ, ಒಬ್ಬ ಅರಸನಿದ್ದ. ಅವನಿಗೆ ಒಂದು ದಿನ ತಲೆನೋವು ಬಂತು. ಮಾರನೆಯ ದಿನ ಹೋಯಿತು. ಹೋದದ್ದಕ್ಕೇ ಅವನಿಗೆ ಸಿಟ್ಟು.

"ಕೇಳದೆ ಬಂತು, ಹೇಳದೆ ಹೋಯ್ತು. ಆ ನಿನ್ನೆಯ ತಲೆನೋವಿಗೆ ಮದ್ದು ಬೇಕು," ಅಂದ.

ಅರಮನೆಯ ವೈದ್ಯರು ಗುರುಶಾಂತ ಪಂಡಿತರು ಗಡ್ಡ ನೀವಿಕೊಂಡರು. "ಮಹಾಸ್ವಾಮಿ, ಇವತ್ತಿನ ಬೇರು ಇವತ್ತಿನ ನೋವಿಗೆ. ನಿನ್ನೆಯ ನೋವಿಗೆ ನಿನ್ನೆಯಿಂದಲೇ ಬೇರು ತರಬೇಕು."

ತರುವವರು ಯಾರು? ಪಂಡಿತರ ಮದ್ದಿನ ಮನೆಗೆ ಬೇರು ನಾರು ತಂದುಕೊಡುವವನೊಬ್ಬನಿದ್ದ. ಅವನ ಹೆಂಡತಿ ಹೊಂಬಾಳಮ್ಮ ಅಲ್ಲೇ ಕಲ್ಬತ್ತಿನಲ್ಲಿ ಮದ್ದು ಅರೆಯುತ್ತಿದ್ದಳು. ಅವನು ಹೆಗಲಿಗೆ ಚೀಲ ಹಾಕಿಕೊಂಡು, "ಊಟದ ಹೊತ್ತಿಗೆ ಬಂದ್ಬುಡ್ತೀನಿ ಕಣೆ," ಅಂದು, ಊರ ಹಿಂಬಾಗಿಲಿನಿಂದ ನಿನ್ನೆಯ ಕಡೆಗೆ ನಡೆದ. ನಿನ್ನೆಯನ್ನು ಮುಟ್ಟುವಷ್ಟರಲ್ಲಿ ಅದು ಮೊನ್ನೆಯಾಗಿತ್ತು. ಮೊನ್ನೆಯನ್ನು ಮುಟ್ಟುವಷ್ಟರಲ್ಲಿ ಆಚೆ ಮೊನ್ನೆ. ನಡೆದ, ನಡೆದ, ನಡೆಯುತ್ತಲೇ ಹೋದ.

ಹೊಂಬಾಳಮ್ಮನಿಗೆ ಉಳಿದದ್ದು ಒಂದು ಬಿಕ್ಕಳಿಕೆ. ಎರಡನೆಯ ತುತ್ತು ಬಾಯಿಗಿಡುವಾಗ ಬಿಕ್ ಅಂತ ಬರುತ್ತಿತ್ತು. ಬಿಕ್ಕಳಿಸಿದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ಅರ್ಥ. ನೆನೆದವರ ಹೆಸರು ಸರಿಯಾಗಿ ಹೇಳಿಬಿಟ್ಟರೆ ನಿಲ್ಲುತ್ತದೆ. ಪಕ್ಕದ ಹೆಂಗಸರು "ನಿಮ್ಮವ್ವನಾ? ಚಿಕ್ಕಮ್ಮನಾ? ಆ ಸಾಲಿಗನ ಹೆಂಡ್ತಿನಾ?" ಅಂತ ಹೆಸರು ಎಸೆಯುತ್ತಿದ್ದರು. ನಿಲ್ಲುತ್ತಿರಲಿಲ್ಲ. ನಿಲ್ಲಿಸುವ ಹೆಸರು ಅವಳೊಬ್ಬಳಿಗೇ ಗೊತ್ತಿತ್ತು; ಊರಿಗೆ ಅವನು ಬರೀ ಬೇರಿನವನು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಅನ್ನುವುದು ಆ ಊರ ಕಟ್ಟಳೆ. ಕಟ್ಟಳೆ ಇಲ್ಲದಿದ್ದರೂ ಅವಳು ಹೇಳುತ್ತಿರಲಿಲ್ಲ. ಬಿಕ್ ಅಂದರೆ ಅವನಿದ್ದಾನೆ. ಬಿಕ್ ಅಂದರೆ ಮರೆತಿಲ್ಲ.

"ನೀರು ಕುಡಿಯೇ," ಅಂತ ಕಲ್ಬತ್ತು ಗದರುತ್ತಿತ್ತು. "ನಿನ್ನ ಬಿಕ್ಕಿಗೆ ನನ್ನ ಮೈಯೆಲ್ಲ ಅಲ್ಲಾಡ್ತದೆ."

"ಕುಡಿದ್ರೆ ನಿಂತೋಯ್ತದೆ, ಸುಮ್ಕಿರು," ಅನ್ನುತ್ತಿದ್ದಳು. ಗಂಟಲು ಒಣಗಿದರೂ ಊಟ ಮುಗಿಯುವತನಕ ಚೊಂಬು ಮುಟ್ಟುತ್ತಿರಲಿಲ್ಲ.

ಒಂದು ದಿನ ಅರಸ ಗುಳಿಗೆಗೆಂದು ಬಂದವನು ಇದನ್ನು ಕೇಳಿದ.

"ಏನಮ್ಮ ಅದು?"

"ಬಿಕ್ಕಳಿಕೆ ಬುದ್ಧಿ. ನೆನೆಸ್ಕೊಳೋರು ಇದ್ರೆ ಬತ್ತದೆ."

ಅರಸ ಬಾಯಿ ತೆರೆದುಕೊಂಡು ಕಾದ. ಬರಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಒಂದೇ ಒಂದು ಬಿಕ್ಕಳಿಕೆಯೂ ಬಂದಿರಲಿಲ್ಲ. "ಮದ್ದು ಅರೆಯೋಳಿಗೆ ಇದೆ, ನನಗಿಲ್ಲ!" ಅಂತ ಊಟ ಬಿಟ್ಟ. ಡಂಗುರ ಸಾರಿಸಿದ: ಎಲ್ಲರೂ ಅರಸರನ್ನು ನೆನೆಸಿಕೊಳ್ಳತಕ್ಕದ್ದು! ಊರಿಗೆ ಊರೇ ಕಣ್ಣು ಮುಚ್ಚಿ ಕೂತಿತು. ಒಬ್ಬನಿಗೆ ಅರಸನ ಮೀಸೆ ನೆನಪಾಯಿತು. ಉಳಿದವರಿಗೆ ಒಲೆಯ ಮೇಲಿಟ್ಟ ಹಾಲು. ಮೀಸೆ ಕೊಂಚ ಅದುರಿತು, ಅಷ್ಟೇ.

ಆಗ ಪಂಡಿತರು ವೈದ್ಯಲೋಕ ಮೂಗಿನ ಮೇಲೆ ಬೆರಳಿಡುವಂಥ ಸಂಗತಿ ಕಂಡುಹಿಡಿದರು. "ಹಸುವಿನ ಸಿಡುಬನ್ನು ಮನುಷ್ಯನ ತೋಳಿಗೆ ಚುಚ್ಚಿ ದಾಕು ಹಾಕಿದರೆ ಸಿಡುಬು ಬರುವುದಿಲ್ಲ. ಹಾಗಾದರೆ ಇವಳ ಬಿಕ್ಕಳಿಕೆಯನ್ನು ದಾಕು ಹಾಕಿದರೆ ಬಿಕ್ಕಳಿಕೆ ಬರಲೇಬೇಕು."

"ಅದು ಹೇಗ್ರೀ?" ಅಂದ ಅರಸ.

"ಸಿಡುಬು ಬೇಡದ್ದು, ಅದಕ್ಕೇ ಬರಲ್ಲ. ಇದು ಬೇಕಾದದ್ದು, ಅದಕ್ಕೇ ಬರುತ್ತದೆ."

ಹೊಂಬಾಳಮ್ಮ ಎದೆಗೆ ಸೆರಗು ಬಿಗಿಹಿಡಿದಳು. "ಇರೋದೇ ಒಂದು. ಖಾಲಿಯಾದ್ರೆ?"

"ದೀಪದಿಂದ ದೀಪ ಹಚ್ಚಿದರೆ ಮೊದಲಿನದು ಆರುತ್ತದೇನಮ್ಮ?" ಅಂದರು ಪಂಡಿತರು.

"ಗಾಳಿ ಬಂದ್ರೆ ಎರಡೂ ಆರ್ತವೆ," ಅಂತು ಕಲ್ಬತ್ತು.

"ಕೊಡ್ತೀನಿ ಬುದ್ಧಿ," ಅಂದಳು ಹೊಂಬಾಳಮ್ಮ. "ಬದಲಿಗೆ ನಮ್ಮನೆಯೋರನ್ನ ಕರೆಸ್ಕೊಡಿ."

ಅರಸ ಮುಖ ಸಪ್ಪಗೆ ಮಾಡಿದ. "ನಿನ್ನೆಯ ಮೇಲೆ ನನ್ನ ಆಳ್ವಿಕೆ ಇಲ್ಲಮ್ಮ. ಅದು ನಮ್ಮಪ್ಪನ ಕಾಲದ್ದು."

"ಹಂಗಾದ್ರೆ ನನ್ನ ಜತೆ ನೀವೂ ಅವರನ್ನ ಒಂಚೂರು ಕಾಯಿರಿ," ಅಂದಳು. ಕೊಟ್ಟಳು.

ಪಂಡಿತರು ಬಿಕ್ಕಳಿಕೆಯನ್ನು ಚಿಪ್ಪಿನಲ್ಲಿ ಹಿಡಿದು, ಜಾಲಿಮುಳ್ಳು ಅದ್ದಿ, ಅರಸನ ತೋಳಿಗೆ ಚುಚ್ಚಿದರು. ಬಿಕ್! ಅರಸ ಕುಣಿದ. ಅರಮನೆಗೆ ಓಡಿ ಊಟಕ್ಕೆ ಕೂತ. ಎರಡನೆಯ ತುತ್ತು. ಬಿಕ್. ಅರಸ ಬಾಗಿಲ ಕಡೆ ನೋಡಿದ.

"ಬರಬೇಕಿತ್ತು ಕಣ್ರೀ."

"ಯಾರು ಮಹಾಸ್ವಾಮಿ?" ಅಂದ ಮಂತ್ರಿ.

"ಗೊತ್ತಿಲ್ಲ. ಇಷ್ಟು ಹೊತ್ತಿಗೆ ಬರಬೇಕಿತ್ತು. ಇನ್ನೊಂದು ಎಲೆ ಹಾಕಿ."

ಅರಸ ಹಾಕಿಸಿಕೊಂಡ ಮೇಲೆ ಕೇಳಬೇಕೆ? ಊರಿಗೆ ಊರೇ ತೋಳು ಚಾಚಿತು. ಮನೆಮನೆಯಲ್ಲೂ ಒಂದು ಎಲೆ ಹೆಚ್ಚಿಗೆ ಬಿತ್ತು. ಮನೆಮನೆಯ ಕದವೂ ತೆರೆದೇ ಇತ್ತು. ತೆರೆದ ಕದ ನೋಡಿ ಕಳ್ಳರು ನುಗ್ಗಿದರು, ನುಗ್ಗಿದವರು ಬಿಕ್ ಅಂದರು, ಅಲ್ಲೇ ಕೂತು ಬಾಗಿಲು ನೋಡತೊಡಗಿದರು. ಕ್ಷೌರಿಕ ಅರ್ಧ ಗಡ್ಡ ಬಿಟ್ಟು ಊರ ಹಿಂಬಾಗಿಲಿಗೆ ಬಂದ. ಅರ್ಧ ಗಡ್ಡದವನೂ ಹಿಂದೆಯೇ ಬಂದ. ಒಬ್ಬನೂ ಬೇರಿಗೆ ಹೋದ ಆ ಮನುಷ್ಯನ ಮುಖ ಸರಿಯಾಗಿ ನೋಡಿದವನಲ್ಲ. ಆದರೂ ಸಂಜೆಯಾದರೆ ಎಲ್ಲರ ಎದೆಯಲ್ಲೂ ಒಂದು ಜಾಗ ಖಾಲಿ.

ಮಂತ್ರಿ ಒಬ್ಬನೇ ದಾಕು ಹಾಕಿಸಿಕೊಂಡಿರಲಿಲ್ಲ. ಸೂಜಿ ಮುಳ್ಳೆಂದರೆ ಅವನಿಗೆ ಭಯ. "ಮಹಾಸ್ವಾಮಿ, ಕೆಲಸವೆಲ್ಲ ಕೆಟ್ಟಿದೆ. ಅವಳ ಬಾಯಲ್ಲಿ ಆ ಹೆಸರು ಹೇಳಿಸಿ. ಎಲ್ಲರಿಗೂ ಒಟ್ಟಿಗೆ ನಿಲ್ಲುತ್ತದೆ."

ಎಲ್ಲರೂ ಮದ್ದಿನ ಮನೆಗೆ ಬಂದರು.

"ಹೇಳಮ್ಮ," ಅಂದ ಅರಸ. ಬಿಕ್.

"ಹೇಳಿದ್ರೆ ನನಗೂ ನಿಂತೋಯ್ತದೆ ಬುದ್ಧಿ. ಆಮೇಲೆ ಅವರು ಇದಾರೋ ಇಲ್ವೋ, ಯಾರನ್ನ ಕೇಳ್ಲಿ?"

"ಊರು ದೊಡ್ಡದೋ, ನಿನ್ನ ಗಂಡ ದೊಡ್ಡವನೋ?" ಅಂದ ಮಂತ್ರಿ.

ಹೊಂಬಾಳಮ್ಮ ಊರನ್ನು ನೋಡಿದಳು. ಎಲ್ಲರ ಕಣ್ಣೂ ಒದ್ದೆ. ಅಳುವ ಮಕ್ಕಳು, ಅರ್ಧ ಗಡ್ಡದವನು. ಅವಳ ತುಟಿ ಬಿಚ್ಚಿತು. ಹೆಸರಿನ ಮೊದಲ ಅಕ್ಷರ ಹಲ್ಲಿನ ತನಕ ಬಂತು.

"ತಡಿ ತಡಿ!" ಅಂದರು ಪಂಡಿತರು. ಎಲ್ಲ ನಿಂತುಹೋಗುವ ಮುಂಚೆ ಒಮ್ಮೆ ಕೇಳಿಬಿಡೋಣವೆಂದು ಅವರು ಪರಂಗಿ ಎಲೆಯ ಪೊಳ್ಳು ದಂಟನ್ನು ಅರಸನ ಬೆನ್ನಿಗಿಟ್ಟು ಕಿವಿ ಹಚ್ಚಿದ್ದರು. "ಹೆಜ್ಜೆ. ಹೆಜ್ಜೆ. ಬಿಕ್."

"ಬಿಕ್ ನನ್ನದು," ಅಂದ ಅರಸ.

"ಅಲ್ಲ ಮಹಾಸ್ವಾಮಿ. ನಿಮ್ಮದು ಈ ಕಡೆಯದು. ಇದು ಆ ಕಡೆಯದು. ಊರೆಲ್ಲ ನೆನೆಸಿಕೊಂಡರೆ ಅವನು ಬಿಕ್ಕಳಿಸದೆ ಇರುತ್ತಾನೆಯೇ? ಬಿಕ್ಕಳಿಸಿದವನು ಜೋಲಿ ತಪ್ಪಿ ಒಂದು ಹೆಜ್ಜೆ ಹಿಂದೆ ಬರುತ್ತಾನೆ. ನಿನ್ನೆಗೆ ಹೊರಟವನು ಹಿಂದೆ ಬಂದರೆ ಎಲ್ಲಿಗೆ ಬರುತ್ತಾನೆ?"

"ಇವತ್ತಿಗೆ," ಅಂತು ಕಲ್ಬತ್ತು, ಮೆಲ್ಲಗೆ.

ಹೊಂಬಾಳಮ್ಮ ಆ ಅಕ್ಷರವನ್ನು ನುಂಗಿಕೊಂಡಳು. "ಹತ್ರ ಬಂದವ್ರಾ ಪಂಡಿತ್ರೇ?"

ಪಂಡಿತರು ತುಂಬಾ ಹೊತ್ತು ಕೇಳಿದರು. "ಸುಳ್ಳು ಹೇಳಲ್ಲಮ್ಮ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಇನ್ನೂ ಜನ ಬೇಕು."

ಮಂತ್ರಿ ಏನೋ ಹೇಳಲು ಹೊರಟ. ಅರಸ ಕೈಯೆತ್ತಿದ. "ಕಳಿಸಿದವನು ನಾನು. ನನ್ನನ್ನು ನೆನೆಯೋರು ಯಾರೂ ಸಿಗಲಿಲ್ಲ. ನೆನೆಯೋದಕ್ಕಾದರೂ ಒಬ್ಬ ಸಿಕ್ಕಿದ್ದಾನೆ, ಅವನನ್ನೂ ಕಳಕೊಳ್ಳಲಾ? ಮೊದಲು ಇವನ ತೋಳು ಹಿಡಿಯಿರಿ!"

ಮಂತ್ರಿಗೆ ದಾಕು ಬಿತ್ತು. ಪಕ್ಕದ ಊರಿಗೆ ಬಿತ್ತು. ಅದರ ಪಕ್ಕದ ಊರಿಗೆ ಬಿತ್ತು. ಒಬ್ಬರನ್ನೂ ವಾಸಿ ಮಾಡದೆ ಹೆಸರು ಮಾಡಿದ ಮೊದಲ ಪಂಡಿತರು ಗುರುಶಾಂತ ಪಂಡಿತರು. ಮೊದಲನೆಯವರು ಅಂದೆ, ಕೊನೆಯವರು ಅನ್ನಲಿಲ್ಲ. ಹೊಂಬಾಳಮ್ಮ ಇವತ್ತಿಗೂ ಎರಡು ಎಲೆ ಹಾಕುತ್ತಾಳೆ. ಎರಡನೆಯ ತುತ್ತಿಗೆ ಕೈ ನಿಲ್ಲಿಸುತ್ತಾಳೆ, ಬಿಕ್ ಅಂದ ಮೇಲೆಯೇ ತಿನ್ನುತ್ತಾಳೆ.

ಇದರ ನೀತಿ: ಹೋದ ತಲೆನೋವಿಗೆ ಮದ್ದು ಹುಡುಕಬಾರದು.

ಕತೆ ಅಲ್ಲಿಗೆ ಹೋಯಿತು, ನಾವು ಇಲ್ಲಿ ಉಳಿದೆವು. ಕಿವಿಯಲ್ಲಿ ಕೇಳಿದ್ದೂ ದಾಕು ಹಾಕಿಸಿಕೊಂಡ ಲೆಕ್ಕವೇ. ಇನ್ನು ಊಟಕ್ಕೆ ಕೂತಾಗ ಬಿಕ್ ಅಂದರೆ ನೀರಿಗೆ ಕೈ ಹಾಕಬೇಡಿ. ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಇನ್ನೊಮ್ಮೆ ಬಿಕ್ಕಳಿಸಿ. ಒಂದು ಹೆಜ್ಜೆಯಾದರೂ ಆದೀತು.